ಮುಂದಿನ ಚಕ್ರದ ಬ್ರೇಕು

ಬಸ್ಸಿನಲ್ಲಿ ಮೊಮ್ಮಗಳು ಟ್ಯಾಮ್ಸಿನ್ ಎರಡು ಸಲ ಕೇಳಿದರೂ ವಿನಿಫ್ರೆಡ್ ಅಜ್ಜಿ ಫೋಟೋ ತೋರಿಸಲಿಲ್ಲ. "ಅಲ್ಲೇ ನೋಡುವಿಯಂತೆ, ಎಲ್ಲರ ಜೊತೆ" ಎಂದು ಕೈಚೀಲವನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು. ಚರ್ಚಿಗೆ ಹಾಕುವ ನೀಲಿ ಹ್ಯಾಟು ಹಾಕಿದ್ದಳು. ಟ್ಯಾಮ್ಸಿನ್‌ಗೆ ಒಳಗೊಳಗೇ ಸಂಕೋಚ. ಅವರು ಹೊರಟಿದ್ದ ಲಡ್ಲೋ ಊರಿನ ಪಬ್ಬಿನ ಹಿಂದಿನ ಕೋಣೆಗೆ ಹಾಗೆ ಸಿಂಗರಿಸಿಕೊಂಡು ಯಾರೂ ಬರುತ್ತಿರಲಿಲ್ಲ.

ಫೋಟೋ ಸಿಕ್ಕಿದ್ದು ಆ ವಸಂತದಲ್ಲಿ ತೀರಿಕೊಂಡ ಈಡಿತ್ ಅತ್ತೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ಈಡಿತ್ ಅಂದರೆ ಅಜ್ಜಿಯ ಅಪ್ಪ ಎನಾಕ್ ಬೀವನ್‌ನ ತಂಗಿ. ಫೋಟೋದಲ್ಲಿ ಎನಾಕ್ ಒಂದು ಕಾರಿಗೆ ಒರಗಿ ನಿಂತಿದ್ದಾನಂತೆ. ಅವನು ಸಾವಿರದ ಒಂಬೈನೂರ ಹದಿನೇಳರಲ್ಲಿ, ಮೊದಲ ಮಹಾಯುದ್ಧದಲ್ಲಿ ಕಾಣೆಯಾದವನು. ಆಗ ನಾಲ್ಕು ವರ್ಷದವಳಾಗಿದ್ದ ಅಜ್ಜಿಗೆ ಈಗ ಅರವತ್ತಾರು. ಹೆಣ ಸಿಗಲಿಲ್ಲ. ಹೆಸರು ಮಾತ್ರ ಯುದ್ಧದಲ್ಲಿ ಮಡಿದವರಿಗಾಗಿ ಊರ ಚರ್ಚಿನಲ್ಲಿ ಹಾಕಿದ ಹಿತ್ತಾಳೆ ಫಲಕದಲ್ಲಿ, ಮೇಲಿನಿಂದ ಮೂರನೆಯದಾಗಿ ಉಳಿಯಿತು. ಶುಕ್ರವಾರ ಬಂತೆಂದರೆ ಅಜ್ಜಿ ಹೋಗಿ ಆ ಫಲಕವನ್ನು ಉಜ್ಜಿ ಬರುತ್ತಾಳೆ. ಎಷ್ಟು ಉಜ್ಜಿದ್ದಾಳೆಂದರೆ ಬೀವನ್ ಎಂಬ ಅಕ್ಷರಗಳು ಉಳಿದವಕ್ಕಿಂತ ಮೊದಲು ಸವೆಯತೊಡಗಿವೆ.

ಈ ನವೆಂಬರಿನ ಸ್ಮರಣೆಯ ಭಾನುವಾರ ಪ್ರತಿ ಹೆಸರಿನ ಕೆಳಗೂ ಒಂದು ಫೋಟೋ ಇಡೋಣ, ಇಸವಿ ಬರೆದು ಕೊಡಿ ಎಂದಿದ್ದರು ಪಾದ್ರಿಗಳು. ಫೋಟೋದಲ್ಲಿ ಅಪ್ಪ ಇದ್ದಾನೆ ಅಂದಮೇಲೆ ಯುದ್ಧಕ್ಕೆ ಮುಂಚಿನದೇ ಎಂಬುದು ಅಜ್ಜಿಯ ಲೆಕ್ಕ. ಹದಿಮೂರೋ ಹದಿನಾಲ್ಕೋ ಎಂದಷ್ಟೇ ಗೊತ್ತಾಗಬೇಕಿತ್ತು. "ನಿಮ್ಮ ಕಾರಿನ ಹುಚ್ಚರು ಹೇಳ್ತಾರಲ್ಲ. ಆ ಹುಚ್ಚು ಒಂದು ದಿನಕ್ಕಾದರೂ ಉಪಯೋಗಕ್ಕೆ ಬರಲಿ."

ಕೋಣೆಯಲ್ಲಿ ಗಿಟಿನ್ಸ್ ಮೇಷ್ಟ್ರು ದೀಪವನ್ನು ಮೇಜಿನ ಮೇಲಕ್ಕೆ ಎಳೆದುಕೊಂಡಿದ್ದರು. ಮಕ್ಕಳಿಗೆ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಎದುರಿಗೆ ಮಾಂಸದಂಗಡಿಯ ಬೆಡೋಸ್, ತಾನೇ ಮಾಡಿದ ಹಂದಿಮಾಂಸದ ಕಡುಬನ್ನು ತಾನೇ ತಿನ್ನುತ್ತಿದ್ದ. ಹಳೆಯ ಫೋಟೋದಲ್ಲಿರುವ ಕಾರು ಯಾವುದು, ಯಾವ ಇಸವಿಯದು ಎಂದು ಕಂಡುಹಿಡಿಯುವುದೇ ಅಲ್ಲಿ ಸೇರುವವರ ಕೆಲಸ. ಅದಕ್ಕೊಂದು ಕಟ್ಟುಪಾಡಿತ್ತು. ಫೋಟೋದಲ್ಲಿನ ಮನುಷ್ಯರನ್ನು ಕಪ್ಪು ಕಾಗದದ ಪಟ್ಟಿಯಿಂದ ಮುಚ್ಚಬೇಕು. ತಂದವರು ಒಲೆಯ ಹತ್ತಿರ ಕೂತು ಚಹಾ ಕುಡಿಯಬೇಕು, ಮಾತಾಡಕೂಡದು. "ಮುಖ ಕಂಡರೆ ಕಣ್ಣು ಮುಖಕ್ಕೇ ಹೋಗುತ್ತೆ. ಕತೆ ಕೇಳಿದರೆ ಕತೆಗೆ ತಕ್ಕ ಕಾರು ಕಾಣುತ್ತೆ" ಎನ್ನುತ್ತಿದ್ದರು ಮೇಷ್ಟ್ರು.

ಪಟ್ಟಿ ಇಡುವುದು ಟ್ಯಾಮ್ಸಿನ್‌ಳ ಪಾಲಿನ ಕೆಲಸ. ಎರಡು ವರ್ಷದಿಂದ ಬರುತ್ತಿದ್ದರೂ ಅವಳು ಬಾಯಿಬಿಟ್ಟದ್ದು ಕಡಿಮೆ. ಏನಾದರೂ ಕಂಡರೆ ಬೆರಳಿಟ್ಟು ತೋರಿಸಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಅಜ್ಜಿ ಕೊಟ್ಟ ಫೋಟೋದಲ್ಲಿ ಅವಳು ಮೊದಲು ಎನಾಕ್‌ನ ಮುಖ ನೋಡಿದಳು. ಅಜ್ಜಿಯ ಮಂಚದ ಪಕ್ಕದ ಮದುವೆ ಫೋಟೋದಲ್ಲಿದ್ದವನೇ. ಅದೇ ಅಗಲ ಕಿವಿ, ನಕ್ಕರೆ ಒಂದು ಕಡೆಗೆ ಓರೆಯಾಗುವ ಅದೇ ಬಾಯಿ. ಅವನ ಮೇಲೆ ಪಟ್ಟಿ ಇಟ್ಟಳು. ಇಟ್ಟಮೇಲೆ ಕಾರು ಕಂಡಿತು. ಮುಂದಿನ ಚಕ್ರ ಸ್ವಲ್ಪ ಹೊರಕ್ಕೆ ತಿರುಗಿ ನಿಂತಿತ್ತು. ಅದರ ನಡುವೆ, ತಟ್ಟೆಯಷ್ಟು ದುಂಡಗೆ, ಬ್ರೇಕಿನ ಡ್ರಮ್ಮು.

ಟ್ಯಾಮ್ಸಿನ್ ಪಟ್ಟಿಯನ್ನು ಚಕ್ರದತ್ತ ಒಂದಿಷ್ಟು ಸರಿಸಿ, ಮತ್ತೆ ಮೊದಲಿದ್ದಲ್ಲಿಗೇ ತಂದಳು. ಅವಳು ಅಜ್ಜಿಯತ್ತ ತಿರುಗಲಿಲ್ಲ.

"ಮೋರಿಸ್ ಕಣ್ರೀ. ದುಂಡು ಮೂಗಿನದು" ಅಂದ ಬೆಡೋಸ್. "ನಮ್ಮಪ್ಪ ಇದರಲ್ಲೇ ಹಂದಿ ಸಾಗಿಸ್ತಿದ್ದ."

"ಕಾರಿನಲ್ಲಿ ಹಂದಿಯಾ?"

"ಹಿಂದಿನ ಸೀಟಲ್ಲಿ. ನಿಮ್ಮ ಶಿಷ್ಯರಿಗಿಂತ ಗಂಭೀರವಾಗಿ ಕೂತ್ಕೋತಿದ್ವು ಮೇಷ್ಟ್ರೇ."

"ತಿಂದ ಕೈಯಲ್ಲಿ ಫೋಟೋ ಮುಟ್ಟಬೇಡ್ವೋ. ಇಸವಿ ಹೇಳು."

"ಆ ಮೂಗು ಹದಿಮೂರರಲ್ಲಿ ಬಂತು, ಇಪ್ಪತ್ತಾರರ ತನಕ ಇತ್ತು. ನಂಬರ್ ಪ್ಲೇಟು ಫೋಟೋದ ಆಚೆಗೇ ಹೋಗಿದೆ. ನೀವೇ ಹುಡುಕಿ."

ಹದಿಮೂರು ಎಂದದ್ದು ಒಲೆಯ ಹತ್ತಿರಕ್ಕೆ ಕೇಳಿಸಿತು. ಅಜ್ಜಿ ಬಟ್ಟಲನ್ನು ಬಾಯಿಯ ತನಕ ತಂದವಳು ಹಾಗೇ ಹಿಡಿದುಕೊಂಡು, ಹುಡುಗಿಯಂತೆ ನಕ್ಕಳು.

"ಹದಿನಾಲ್ಕು" ಎಂದಳು ಟ್ಯಾಮ್ಸಿನ್.

ಇಬ್ಬರೂ ತಲೆಯೆತ್ತಿದರು. "ಅರೆರೆ, ನಮ್ಮ ಹುಡುಗಿಗೆ ಬಾಯಿ ಬಂತಲ್ಲೋ!" ಎಂದು ಬೆಡೋಸ್ ಮೇಜು ಗುದ್ದಿದ. ಮೇಷ್ಟ್ರಿಗಂತೂ ಹೇಳತೀರದ ಸಂತೋಷ. ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡರು. "ಕಾರಣ ಹೇಳು ಮಗಳೇ. ಕಾರಣ ಇಲ್ಲದೆ ಇಸವಿ ಇಲ್ಲ."

"ದೀಪಗಳು... ಹಳೇ ಥರದವು ಅನ್ನಿಸ್ತು."

"ದೀಪ ಬದಲಾಯಿಸಬಹುದಮ್ಮ, ದೀಪ ನಂಬಬಾರದು." ಭೂತಗನ್ನಡಿ ಫೋಟೋದ ಮೇಲೆ ನಿಧಾನವಾಗಿ ಜಾರಿತು. ಅದು ಬಾಗಿಲಿನ ಹತ್ತಿರವೇ ನಿಂತುಬಿಡಲಿ ಎಂದು ಟ್ಯಾಮ್ಸಿನ್ ಮನಸ್ಸಿನಲ್ಲೇ ಬೇಡಿಕೊಂಡಳು. ಅದು ನಿಂತಿದ್ದು ಚಕ್ರದ ಮೇಲೆ. "ಇಗೋ! ಮುಂದಿನ ಚಕ್ರಕ್ಕೆ ಬ್ರೇಕು! ಯುದ್ಧ ಮುಗಿದು ಐದಾರು ವರ್ಷವಾದಮೇಲಷ್ಟೇ ಇವರು ಮುಂದೆ ಬ್ರೇಕು ಕೊಟ್ಟಿದ್ದು. ಹೋದ ತಿಂಗಳು ಬೆಡೋಸ್‌ಗೆ ಇದನ್ನ ಬೆರಳಿಟ್ಟು ತೋರಿಸಿದವಳು ನೀನೇ ಅಲ್ವಾ? ಮಾತಾಡೋ ಅವಸರದಲ್ಲಿ ಕಣ್ಣು ಮರೆತೆಯಾ?"

"ಸರಿಯಾಗಿ ಕಾಣ್ತಿಲ್ಲ ಮೇಷ್ಟ್ರೇ. ಇನ್ನೊಂದು ವಾರ ಬಿಟ್ಟು ನೋಡೋಣ."

"ಕುರುಡನಿಗೂ ಕಾಣುತ್ತೆ ಇದು" ಅಂದ ಬೆಡೋಸ್, ಪ್ರೀತಿಯಿಂದಲೇ.

ಮೇಷ್ಟ್ರು ಫೋಟೋ ತಿರುಗಿಸಿ ಬೆನ್ನಿಗೆ ಪೆನ್ಸಿಲ್‌ನಿಂದ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದುವುದೂ ವಾಡಿಕೆ. "ಮೋರಿಸ್. ಸಾವಿರದ ಒಂಬೈನೂರ ಇಪ್ಪತ್ತೈದು, ಇಲ್ಲವೇ ಇಪ್ಪತ್ತಾರು." ಆಮೇಲೆ ಪಟ್ಟಿ ತೆಗೆದು ಒಲೆಯತ್ತ ತಿರುಗಿದರು. "ಈಗ ನಿಮ್ಮ ಸರದಿ ತಾಯಿ. ಈ ಮಹಾಶಯರು ಯಾರು?"

ಅಜ್ಜಿ ಬಟ್ಟಲನ್ನು ಕೆಳಗಿಟ್ಟಳು. "ನಮ್ಮಪ್ಪ. ಹದಿನೇಳರಲ್ಲಿ ಯುದ್ಧದಲ್ಲಿ ಹೋದರು."

ಬೆಡೋಸ್‌ನ ಅಗಿಯುವ ಬಾಯಿ ನಿಂತಿತು. ಮೇಷ್ಟ್ರು ಪೆನ್ಸಿಲ್ಲನ್ನು ನೋಡಿದರು, ಆಮೇಲೆ ಟ್ಯಾಮ್ಸಿನ್‌ಳನ್ನು ನೋಡಿದರು. ಹದಿನಾಲ್ಕು ಎಂದು ಅವಳು ಯಾಕೆ ಅಂದಳೆಂಬುದು ಅವರ ಮುಖದಲ್ಲಿ ನಿಧಾನವಾಗಿ ಮೂಡಿತು. ಕತ್ತಿನ ತನಕ ಕೆಂಪಾದರು.

"ಬ್ರೇಕು... ಆಮೇಲೂ ಹಾಕಿಸಿರಬಹುದು ತಾಯಿ, ಹಳೇ ಕಾರಿಗೆ."

"ಕಾರಿಗೆ ಹಾಕಿಸಬಹುದು" ಎಂದಳು ಅಜ್ಜಿ. "ಫೋಟೋಕ್ಕೆ ಹಾಕಿಸೋಕಾಗುತ್ತಾ?"

"ತಮ್ಮ ಗಿಮ್ಮ ಇದ್ದರೇನೋ, ಅವರ ಥರಾನೇ ಇರೋರು?" ಅಂದ ಬೆಡೋಸ್.

"ಇದ್ದದ್ದು ಈಡಿತ್ ಒಬ್ಬಳೇ. ವರ್ಷವರ್ಷವೂ ನನ್ನ ಪಕ್ಕ ನಿಂತು ಫಲಕಕ್ಕೆ ಹೂವಿಡುತ್ತಿದ್ದಳು." ಅಜ್ಜಿ ಎದ್ದು ಮೇಜಿನ ಹತ್ತಿರ ಬಂದಳು. "ಅಪ್ಪ ಬದುಕಿದ್ದಾರೆಂದು ನಮ್ಮಮ್ಮನಿಗೆ ಗೊತ್ತಿತ್ತೋ ಇಲ್ಲವೋ. ಯಾರನ್ನ ಕೇಳೋದು ಈಗ?"

ಮೇಷ್ಟ್ರು ರಬ್ಬರು ಹುಡುಕಲು ಜೇಬು ತಡಕಿದರು. ಅಜ್ಜಿ ಬೇಡವೆಂದು ಕೈಯಾಡಿಸಿ, ಫೋಟೋವನ್ನೂ, ಯಾಕೋ ಆ ಕಪ್ಪು ಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಬಸ್‌ಸ್ಟಾಪಿನಲ್ಲಿ ಗಾಳಿ ಬೀಸುತ್ತಿತ್ತು. ಟ್ಯಾಮ್ಸಿನ್ ಏನಾದರೂ ಹೇಳಬೇಕೆಂದುಕೊಂಡಳು. ಹೇಳಬಹುದಾದದ್ದನ್ನೆಲ್ಲ ಆಗಲೇ ಒಂದೇ ಒಂದು ಸುಳ್ಳಿನಲ್ಲಿ ಖರ್ಚು ಮಾಡಿಬಿಟ್ಟಿದ್ದಳು, ಅದೂ ದಕ್ಕಿರಲಿಲ್ಲ.

"ನಿನಗೆ ಮೊದಲೇ ಕಂಡಿತ್ತು, ಅಲ್ವಾ?" ಎಂದಳು ಅಜ್ಜಿ.

"ಹೂಂ."

"ಭಾನುವಾರ ಪಾದ್ರಿಗಳು ಹೆಸರು ಓದುತ್ತಾರೆ, ಅವರವರ ಮನೆಯವರು ಎದ್ದು ನಿಲ್ಲುತ್ತಾರೆ. ಮೂರನೇದು ಓದುವಾಗ ನಾನು ಏನು ಮಾಡಲಿ, ಹೇಳು? ನಿಲ್ಲಲಾ, ಕೂರಲಾ?"

ಟ್ಯಾಮ್ಸಿನ್ ಅಜ್ಜಿಯ ತೋಳು ಹಿಡಿದುಕೊಂಡಳು.

ಅಜ್ಜಿ ಚೀಲದಿಂದ ಫೋಟೋ ತೆಗೆದು ಕಪ್ಪು ಪಟ್ಟಿಯನ್ನು ಅದರ ಮೇಲಿಟ್ಟಳು. ಈ ಸಲ ಅದು ಕಾರನ್ನು ಮುಚ್ಚಿತು. ಉಳಿದದ್ದು ಎನಾಕ್ ಒಬ್ಬನೇ, ಏನೂ ಇಲ್ಲದ ಕಡೆಗೆ ಒರಗಿಕೊಂಡು. ಪಟ್ಟಿ ಗಾಳಿಗೆ ಹಾರದಂತೆ ಹೆಬ್ಬೆರಳಿನಿಂದ ಅದುಮಿ ಹಿಡಿದಳು.

"ಈಗ ನೋಡಿ ಹೇಳು. ಯಾವ ಇಸವಿ?"

ಟ್ಯಾಮ್ಸಿನ್ ನೋಡಿದಳು. ಮದುವೆ ಫೋಟೋದಲ್ಲಿದ್ದಕ್ಕಿಂತ ಅವನು ದಪ್ಪಗಾಗಿದ್ದ. ಆ ಅಗಲ ಕಿವಿಗಳ ಮೇಲೆ ಕೂದಲು ನರೆತಿತ್ತು. ಓರೆಯಾಗಿ, ತೃಪ್ತಿಯಿಂದ, ಫೋಟೋ ತೆಗೆಯುತ್ತಿದ್ದ ಯಾರನ್ನೋ ನೋಡಿ ನಗುತ್ತಿದ್ದ.

"ಹದಿನಾಲ್ಕು, ಅಜ್ಜಿ" ಎಂದಳು.

ಅಜ್ಜಿ ಕಾರಣ ಕೇಳಲಿಲ್ಲ.