ಬಸವನಹುಳು ಇದ್ದ ಅಂಚು

"ಶಾಲೆ ಅರ್ಧಕ್ಕೇ ಬಿಟ್ಟು ಓಡಿ ಬಂದೋನು, ಫ್ರೆಂಚ್ ಸಿನಿಮಾ ಪೋಸ್ಟರ್ ಕೂಡಿಸ್ತಾನಂತೆ! ಮೇಲೇನು ಬರ್ದಿದೆ, ಸ್ವಲ್ಪ ಓದಿ ಹೇಳಪ್ಪಾ ಪಂಡಿತ!"

ಭಾವ ಹೀಗೆ ಅಂದದ್ದು ಫೋಟೋಗಳಿಗೆ ಕಟ್ಟು ಹಾಕುವ ನಮ್ಮ ಅಂಗಡಿ ಗಿರಾಕಿಗಳಿಂದ ತುಂಬಿದ್ದಾಗ. ಮದುವೆ ಫೋಟೋ ತಂದಿದ್ದ ಗಂಡಹೆಂಡಿರು ನಕ್ಕರು. ಗಲ್ಲಾದಲ್ಲಿ ಕೂತಿದ್ದ ನನ್ನ ಅಕ್ಕನೂ ನಕ್ಕಳು. ಅವಳು ನಕ್ಕದ್ದಕ್ಕೆ ಮೈಯೆಲ್ಲ ಉರಿದುಹೋಯಿತು.

ಓದಲು ಬರುವುದಿಲ್ಲ, ಸರಿ. ಓದಿ ಯಾರನ್ನು ಉದ್ಧಾರ ಮಾಡಬೇಕಿತ್ತು? ಪೋಸ್ಟರಿನಲ್ಲಿ ಬದನೆಕಾಯಿ ಮೂಗಿನ ಪೊಲೀಸಪ್ಪ ಕೆನ್ನೆ ಉಬ್ಬಿಸಿ ಸೀಟಿ ಊದುತ್ತಿದ್ದಾನೆ. ಮುಂದೆ ಗುಡಾಣದಂಥ ಹೆಂಗಸೊಬ್ಬಳು ಮಕ್ಕಳ ಸೈಕಲ್ ಏರಿ ಪರಾರಿ. ನಗಲು ಅಕ್ಷರ ಬೇಕೇ?

ನಾನು ಕೂಡಿಸುವುದು ಒಬ್ಬನೇ ಕಲಾವಿದ ಬರೆದ ಪೋಸ್ಟರುಗಳನ್ನು. ಅವನ ಹೆಸರು ಗೊತ್ತಿಲ್ಲ. ಚಿತ್ರದ ಹೊರಗೆ, ಕೆಳಗಿನ ಬಿಳಿ ಅಂಚಿನಲ್ಲಿ, ಸಹಿಯ ಬದಲು ಒಂದು ಪುಟ್ಟ ಬಸವನಹುಳು ಬರೆಯುತ್ತಾನೆ. ಒಂದೊಂದು ಪೋಸ್ಟರಿನಲ್ಲೂ ಅದರ ಮುಖ ಬೇರೆ. ಇದರಲ್ಲಿ ಅದೂ ಸೀಟಿ ಊದುತ್ತಿತ್ತು. ಮುಚ್ಚಿಹೋದ ಟಾಕೀಸಿನ ಆಪರೇಟರನ ಹಿಂದೆ ಬಿದ್ದು, ಗೋಗರೆದು ಇದನ್ನು ತಂದಿದ್ದೆ.

"ಭಾವ, ಇದನ್ನ ಮುಟ್ಟಬೇಡಿ. ಬಂದು ನಾನೇ ಕಟ್ಟು ಹಾಕ್ಕೋತೀನಿ," ಎಂದು ಹೇಳಿ, ಗಿರಾಕಿಯೊಬ್ಬರ ಮನೆಗೆ ಕನ್ನಡಿ ಕೊಡಲು ಹೋದೆ.

"ಆಗಲಿ ದೊರೆ," ಎಂದಿದ್ದರು.

ವಾಪಸು ಬಂದಾಗ ಪೋಸ್ಟರ್ ಹಲಗೆಗೆ ಅಂಟಿಕೊಂಡು ಕೂತಿತ್ತು. ಮಡಿಕೆಗಳೆಲ್ಲ ಮಾಯ. ಮೇಲೊಂದು ಮಿರಮಿರ ಪ್ಲಾಸ್ಟಿಕ್ ಹಾಳೆ. ಹಳದಿಗಟ್ಟಿದ ಅಂಚು ಕಂಡರೆ ಕತ್ತರಿಸುವುದು ಭಾವನ ಕೈಗೆ ಹತ್ತಿದ ಚಟ. ನಾಲ್ಕೂ ಕಡೆ ಕತ್ತರಿಸಿದ್ದರು.

"ಹೆಂಗಿದೆ? ಗುರುತೇ ಸಿಗಲ್ಲ, ಅಲ್ವಾ?"

ಸಿಗಲಿಲ್ಲ. ಮೇಜಿನಡಿಯ ಕಸದ ಡಬ್ಬಿಯನ್ನು ನೆಲಕ್ಕೆ ಸುರಿದೆ. ರಟ್ಟಿನ ಚೂರುಗಳ ಮಧ್ಯೆ ಸಿಕ್ಕಿತು, ಕೆಳಗಿನ ಅಂಚಿನ ಬೆರಳಗಲದ ಪಟ್ಟಿ. ಬ್ಲೇಡು ಹುಳುವಿನ ನಡುವೆಯೇ ಹಾದುಹೋಗಿತ್ತು. ಚಿಪ್ಪು ಉಳಿದಿತ್ತು, ಸೀಟಿ ಊದುವ ಮುಖದ ಚೂರು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಈ ಚಿಂದಿಗಾ ಇಷ್ಟು ರಂಪ?" ಭಾವ ಗಿರಾಕಿಗಳ ಕಡೆ ತಿರುಗಿದರು. "ನೋಡಿ ಸ್ವಾಮಿ, ಪೋಸ್ಟರ್ ಬೇಡ್ವಂತೆ, ಕಸ ಬೇಕಂತೆ!"

"ಬೆಳಗ್ಗೆ ಬೈದಿದ್ದಕ್ಕೆ ಬೇಜಾರಾಗಿ ನಿನಗೋಸ್ಕರ ಅಂತಲೇ ಮಾಡಿದ್ರು ಕಣೋ," ಅಕ್ಕ ಪಿಸುಗುಟ್ಟಿದಳು. "ಒಂದು ಒಳ್ಳೆ ಮಾತಾಡೋ."

ಬೈಗುಳ ಎಲ್ಲರ ಮುಂದೆ, ಬೇಜಾರು ಮಾತ್ರ ಅಕ್ಕನ ಕಿವಿಯಲ್ಲಿ!

ಪಟ್ಟಿಯನ್ನು ಅಂಗಿ ಜೇಬಿಗೆ ಹಾಕಿಕೊಂಡೆ. ಗೋಂದಿನ ಕಲೆಯ ಏಪ್ರನ್ ಬಿಚ್ಚಿ ಹಲಗೆಯ ಮೇಲೆ, ಪೊಲೀಸಪ್ಪನ ಮುಖ ಮುಚ್ಚುವ ಹಾಗೆ ಎಸೆದೆ.

"ಏಯ್, ಎಲ್ಲಿಗೋ? ನಾಳೆ ಕೆಲಸಕ್ಕೆ ಯಾರು ಬರ್ತಾರೆ, ನಿಮ್ಮ ಫ್ರೆಂಚ್ ತಾತನಾ?"

ಮತ್ತೆ ಎಲ್ಲರೂ ನಕ್ಕರು. ಈ ಸಲ ಅಕ್ಕ ನಕ್ಕಳೋ ಇಲ್ಲವೋ ತಿರುಗಿ ನೋಡಲಿಲ್ಲ.

"ನಿನ್ನನ್ನೇ ಕೇಳ್ತಿರೋದು! ಬಾಯಲ್ಲೇನು ಕಡುಬಾ?"

ಮೆಟ್ಟಿಲು ಇಳಿದು ರಸ್ತೆಗೆ ಬಂದೆ. ಜೇಬಿನ ಮೇಲೆ ಕೈ ಇಟ್ಟುಕೊಂಡು ನಡೆದೆ.