ಸಿಲಿಂಡರ್ ಗಾಡಿಯಲ್ಲಿ ಕಾಶಮ್ಮ

ನಮ್ಮಜ್ಜಿ ಕಾಶಮ್ಮನಿಗೆ ಎಂಜಿನ್ ಇರುವ ವಾಹನ ಯಾವುದೂ ಒಗ್ಗುವುದಿಲ್ಲ. ಆಟೊ ಹತ್ತಿಸಿದರೆ ಮೊದಲ ತಿರುವಿನಲ್ಲಿ ವಾಂತಿ, ಕಾರು ಹತ್ತಿಸಿದರೆ ಬಾಗಿಲು ಹಾಕುವ ಮೊದಲೇ ವಾಂತಿ. ಬಸ್ಸಿನ ಮಾತು ಬೇಡ. ಭದ್ರಾವತಿ–ಶಿವಮೊಗ್ಗ ಓಡಾಡುವ ಹಳೆಯ ಕಂಡಕ್ಟರುಗಳು ಈಗಲೂ ಅವಳ ಮುಖ ಮರೆತಿಲ್ಲ. ರೈಲೊಂದು ಹೇಗೋ ನಡೆಯುತ್ತಿತ್ತು. ಹೋದ ವರ್ಷ ಎರಡೂ ಮಂಡಿ ಕೈಕೊಟ್ಟ ಮೇಲೆ ರೈಲಿನ ಮೆಟ್ಟಿಲು ಹತ್ತುವುದೂ ಮುಗಿಯಿತು. ಅಲ್ಲಿಂದ ಮುಂದೆ ಭದ್ರಾವತಿಯ ನ್ಯೂ ಟೌನಿನ ನಮ್ಮ ಮನೆಯ ವರಾಂಡ ಮತ್ತು ಟಿ.ವಿ., ಇವೆರಡರ ನಡುವೆ ಅವಳ ಲೋಕ.

ಇದರಿಂದ ಅವಳಿಗೇನೂ ಬೇಸರವಿದ್ದಂತೆ ಕಾಣಲಿಲ್ಲ, ಶಿವಮೊಗ್ಗದ ಗೋಪಾಳದಿಂದ ಅವಳ ತಂಗಿ ವಿಮಲಜ್ಜಿಯ ಫೋನು ಬರುವವರೆಗೆ. ವಿಮಲಜ್ಜಿಯ ಮೊಮ್ಮಗ ಜ್ಞಾನೇಶನ ಮದುವೆ. ಮದುವೆಗೆ ಮೊದಲು ಶನಿವಾರ ಬೆಳಿಗ್ಗೆ ಅರಿಶಿನ ಕುಟ್ಟುವ ಶಾಸ್ತ್ರ. ಒರಳಿಗೆ ಅರಿಶಿನದ ಕೊಂಬು ಹಾಕಿ ಮುತ್ತೈದೆಯರು ಒಬ್ಬರಾದ ಮೇಲೆ ಒಬ್ಬರು ಒನಕೆ ಹಾಕುತ್ತಾರೆ. ಮೊದಲ ಏಟು ಹಿರಿಯಳದ್ದು. ಆ ಕಡೆಯ ಎಲ್ಲ ಮದುವೆಗಳಲ್ಲೂ ಮೊದಲ ಏಟು ನಮ್ಮಜ್ಜಿಯದ್ದೇ. ವಿಮಲಜ್ಜಿ ಹುಟ್ಟಿದಾಗಿನಿಂದ ಎರಡನೆಯವಳು.

ಅಮ್ಮ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಅದೇ ತಪ್ಪಾಯಿತು.

"ಅಕ್ಕಂಗೆ ಬರೋಕಾಗಲ್ಲ ಬಿಡು," ಎಂದಳು ವಿಮಲಜ್ಜಿ. "ಪಾಪ, ಹಾಸಿಗೆ ಹಿಡಿದಿದಾಳೆ. ಈ ಸಲ ನಾನೇ ಮೊದಲು ಕುಟ್ಟಿಬಿಡ್ತೀನಿ."

ಅಜ್ಜಿ ಟಿ.ವಿ. ಆರಿಸಿದಳು. ಧಾರಾವಾಹಿಯ ನಡುವೆ ಅವಳು ಟಿ.ವಿ. ಆರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಪಾಪ ಅಂದಳಾ?"

"ಅತ್ತೆ, ಈಗೆಲ್ಲ ವಿಡಿಯೋ ಕಾಲಲ್ಲಿ ನೋಡಬಹುದು," ಎಂದಳು ಅಮ್ಮ.

"ವಿಡಿಯೋದಲ್ಲಿ ಒನಕೆ ಎತ್ತೋಕಾಗುತ್ತಾ?"

ಶುಕ್ರವಾರ ಸಂಜೆ ಅಪ್ಪ ಅಮ್ಮ ಕಾರಿನಲ್ಲಿ ಗೋಪಾಳಕ್ಕೆ ಹೊರಟರು. ಅಜ್ಜ ಅಜ್ಜಿಯರನ್ನು ನೋಡಿಕೊಳ್ಳಲು ನಾನು ಶಿವಮೊಗ್ಗದ ಹಾಸ್ಟೆಲಿನಿಂದ ಮನೆಗೆ ಬಂದಿದ್ದೆ. ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಅಜ್ಜ ಷಡಕ್ಷರಪ್ಪ ಹಿತ್ತಿಲಿನಿಂದ ತನ್ನ ಗಾಡಿಯನ್ನು ಎಳೆದು ತಂದ.

ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ನಿವೃತ್ತಿಯಾದರೂ ಬೆಸುಗೆಯ ಚಟ ಹೋಗಿಲ್ಲ. ಮನೆಯಲ್ಲಿ ಎರಡು ಕಬ್ಬಿಣದ ತುಂಡುಗಳು ಹತ್ತಿರ ಹತ್ತಿರ ಬಿದ್ದಿದ್ದರೆ ಮರುದಿನ ಅವು ಒಂದಾಗಿರುತ್ತವೆ. ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಈ ಗಾಡಿಯನ್ನು ಗ್ಯಾಸ್ ಸಿಲಿಂಡರ್ ತರಲು ಮಾಡಿದ್ದ: ಮಕ್ಕಳ ಸೈಕಲ್ಲಿನ ಎರಡು ಚಕ್ರ, ಹಳೆ ಮಂಚದ ಕಾಲುಗಳು, ನನ್ನ ಸೈಕಲ್ಲಿನ ಸೀಟಿನ ಕೆಳಗಿನ ಪೈಪಿಗೆ ಸಿಕ್ಕಿಸುವ ಒಂದು ಕೊಂಡಿ. ಸಿಲಿಂಡರಿನ ಜೊತೆ ಅಕ್ಕಿ, ಹಿಂಡಿ, ಒಮ್ಮೆ ಪಕ್ಕದ ಮನೆಯ ಕುಡಿದ ಮಗ, ಎಲ್ಲವನ್ನೂ ಅದು ಹೊತ್ತಿತ್ತು. ಈಗ ಅದರ ಮೇಲೆ ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿಯೊಂದು ಬೋಲ್ಟ್ ಹಾಕಿಸಿಕೊಂಡು ಕೂತಿತ್ತು.

"ನಾನೇನು ಸಿಲಿಂಡರಾ?" ಎಂದಳು ಅಜ್ಜಿ.

"ಸಿಲಿಂಡರ್ ಆಗಿದ್ರೆ ಬಾಯಿ ಮುಚ್ಚಿಕೊಂಡು ಕೂರ್ತಿತ್ತು."

"ಎಳೆಯೋರು ಯಾರು? ನಿಮಗೆ ಹರ್ನಿಯಾ ಆಪರೇಷನ್ ಆಗಿದೆ."

ಇಬ್ಬರೂ ನನ್ನನ್ನು ನೋಡಿದರು. ನಾನು ಕಾಲೇಜು ತಂಡದಲ್ಲಿ ಸೈಕಲ್ ಓಡಿಸುತ್ತೇನೆ. ಅಂತರ ಕಾಲೇಜು ಸ್ಪರ್ಧೆಯಲ್ಲಿ ಐದನೇ ಸ್ಥಾನ ಬಂದಿತ್ತು. ಓಡಿಸಿದವರು ಏಳು ಜನ ಎಂಬುದನ್ನು ಮನೆಯಲ್ಲಿ ಹೇಳಿರಲಿಲ್ಲ. ಆ ಸುಳ್ಳಿಗೆ ಈಗ ಇಪ್ಪತ್ತು ಕಿಲೋಮೀಟರ್ ಶಿಕ್ಷೆ.

"ಒಂಬತ್ತಕ್ಕೆ ರಾಹುಕಾಲ ಹತ್ತುತ್ತೆ," ಎಂದಳು ಅಜ್ಜಿ. "ಅಷ್ಟರೊಳಗೆ ಒನಕೆ ನನ್ನ ಕೈಲಿರಬೇಕು. ಇಲ್ದಿದ್ರೆ ಸಾಯೋವರೆಗೂ ಅವಳ ಬಾಯಲ್ಲಿ ನಾನು ಪಾಪ."

ಬೆಳಗಿನ ಜಾವ ಹೊರಟಾಗ ಡಿಸೆಂಬರಿನ ಚಳಿ ಹಲ್ಲಿನೊಳಗೆ ಇಳಿಯುತ್ತಿತ್ತು. ಅಜ್ಜಿ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಗೆ ಅಡ್ಡಡ್ಡ ವಿಭೂತಿ ಬಳಿದುಕೊಂಡು ಬಂದಳು. ಕಿವಿಗೆ ಗಾಳಿ ಹೋಗದಂತೆ ಹತ್ತಿ ತುರುಕಿಕೊಂಡಳು. ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಮಫ್ಲರ್ ಬಿಗಿದಳು. ಮೈತುಂಬ ಅಜ್ಜನ ಬಿಳಿ ಶಾಲು. ಗುಂಡಿ ಬಂದಾಗ ಮುಗ್ಗರಿಸದಂತೆ ಅಜ್ಜ ಅವಳನ್ನು ಎದೆಯ ಹತ್ತಿರ ಸೀರೆಯ ತುಂಡಿನಿಂದ ಕುರ್ಚಿಗೆ ಕಟ್ಟಿದ. ಮಂಜಿಗೆ ತಲೆ ನೆನೆಯಬಾರದೆಂದು ಪ್ಲಾಸ್ಟಿಕ್ ಪೈಪು ಬಗ್ಗಿಸಿ ಮೇಲೊಂದು ಕಮಾನು ಮಾಡಿದ್ದ. ಲಾರಿಯವರಿಗೆ ದೂರದಿಂದ ಕಾಣಲಿ ಎಂದು ಆಯುಧಪೂಜೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಚೆಂಡುಹೂವಿನ ಸರವನ್ನು ಕಮಾನಿಗೆ ಸುತ್ತಿದ. ತಾನು ಬಿಳಿ ಪಂಚೆ ಉಟ್ಟು, ತಲೆಗೆ ಟವೆಲು ಸುತ್ತಿ, ಹಳೆಯ ಸೈಕಲ್ಲಿನಲ್ಲಿ ಹಿಂದೆ ಬಂದ. ಹಿಂದಿನಿಂದ ಬರುವವರು ಎಚ್ಚರವಾಗಿರಲೆಂದು ದಾರಿಯುದ್ದಕ್ಕೂ ಬೆಲ್ಲು ಬಾರಿಸುವುದು ಅವನ ಕೆಲಸ.

ಒಂದೊಂದಕ್ಕೂ ಕಾರಣವಿತ್ತು. ಎಲ್ಲ ಸೇರಿದರೆ ಏನಾಗಿ ಕಾಣುತ್ತದೆಂದು ನೋಡಲು ಬೆಳಕಿರಲಿಲ್ಲ.

ಮಾಚೇನಹಳ್ಳಿಯವರೆಗೆ ಚೆನ್ನಾಗಿಯೇ ಹೋಯಿತು. ಬೆರಳುಗಳು ಹ್ಯಾಂಡಲ್ಲಿಗೆ ಅಂಟಿಹೋದಂತಿದ್ದವು, ಮೂಗು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ, ಬೆನ್ನಿನಲ್ಲಿ ಮಾತ್ರ ಬೆವರು. ಅಜ್ಜಿಗೆ ಒಂದು ಸಲವೂ ವಾಂತಿ ಬರಲಿಲ್ಲ. ಬಂದದ್ದು ಬರೀ ಮಾತು.

"ಆ ಲಾರಿಯ ಹಿಂದೆ ಯಾಕೆ ಹೋಗ್ತೀಯಾ, ಹೊಗೆ ಕುಡಿಯೋಕಾ?"

"ಸ್ವಲ್ಪ ಜೋರಾಗಿ ತುಳಿಯೇ ಮಾರಾಯ್ತಿ, ಐದನೇ ಸ್ಥಾನ ಬಂದೋಳು."

ನಿದಿಗೆ ದಾಟುವಾಗ ಗಾಡಿಯ ಎಡಗಡೆಯ ಚಕ್ರ ಪಂಕ್ಚರ್ ಆಯಿತು. ಅಜ್ಜ ತೇಪೆಯ ಸಾಮಾನು ತಂದಿದ್ದ. ಆದರೆ ಟ್ಯೂಬಿನಲ್ಲಿ ತೂತು ಹುಡುಕಲು ನೀರಿರಲಿಲ್ಲ. ಅಜ್ಜಿಯ ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಟ್ಯೂಬಿನ ಮೇಲೆ ಸುರಿದ. ಗುಳ್ಳೆ ಬಂತು, ತೂತು ಸಿಕ್ಕಿತು. ಅಜ್ಜಿ ಆ ಕಾಫಿಯ ಬಗ್ಗೆ ಅಂದದ್ದನ್ನು ಬರೆಯುವಂತಿಲ್ಲ. ಮತ್ತೆ ಹೊರಡುವಷ್ಟರಲ್ಲಿ ಎಂಟು ದಾಟಿತ್ತು. ನನ್ನ ಫೋನು ಅಜ್ಜಿಯ ಕುರ್ಚಿಯ ಕೆಳಗಿನ ಚೀಲದಲ್ಲಿ, ಒಣ ಬಟ್ಟೆಗಳ ನಡುವೆ ಇತ್ತು. ಅಜ್ಜ ಫೋನು ಇಟ್ಟುಕೊಳ್ಳುವುದಿಲ್ಲ. ಅಷ್ಟು ಹೊತ್ತಿಗೆ ಪೂರ್ತಿ ಬೆಳಕಾಗಿತ್ತು, ಅಜ್ಜಿಗೆ ಜೊಂಪು ಹತ್ತಿತ್ತು.

ಮಲವಗೊಪ್ಪದ ಹತ್ತಿರ ಎದುರಿನಿಂದ ಸೈಕಲ್ಲುಗಳ ದಂಡೊಂದು ಬಂತು. ಶನಿವಾರ ಭಾನುವಾರ ಬಣ್ಣಬಣ್ಣದ ಅಂಗಿ ಹಾಕಿಕೊಂಡು, ತೊಡೆಗಂಟುವ ಕರಿಚಡ್ಡಿಯಲ್ಲಿ ಭದ್ರಾವತಿಗೆ ಹೋಗಿ ದೋಸೆ ತಿಂದು ವಾಪಸಾಗುವ ವಿನೋಬನಗರದ ನಡುವಯಸ್ಸಿನವರು. ನಮ್ಮನ್ನು ದಾಟಿದ ಮೇಲೆ ನಿಧಾನವಾದರು. ಆಮೇಲೆ ತಿರುಗಿಸಿಕೊಂಡು ಬಂದರು. ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಒಂದು ಮಾತೂ ಆಡದೆ, ಸಾಲಾಗಿ ಅಜ್ಜನ ಹಿಂದೆ ಸೇರಿಕೊಂಡರು. ಅವರಲ್ಲಿ ಹಿರಿಯರೊಬ್ಬರು ಅಜ್ಜನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು:

"ಆಸ್ಪತ್ರೆಯೋರು ಗಾಡಿ ಕೊಡಲಿಲ್ವಾ, ಯಜಮಾನ್ರೇ?"

"ನನ್ನ ಗಾಡಿನೇ ಇರೋವಾಗ ಅವರದ್ದು ಯಾಕೆ?"

"ಮನೇಲಿ ಗಂಡುಮಕ್ಕಳು ಯಾರೂ ಇಲ್ವಾ? ಪಾಪ, ಈ ಹುಡುಗಿ ಎಳೀತಿದೆ."

ಪಾಪ ಎಂಬುದು ಹತ್ತಿಯನ್ನು ದಾಟಿ ಅಜ್ಜಿಯ ಕಿವಿಗೆ ಬಿತ್ತು. ಕಣ್ಣುಬಿಟ್ಟು, ಕತ್ತು ಹೊರಳಿಸಿ ಕೇಳಿದಳು: "ಯಾರೀ ಅದು, ಈ ಚಳೀಲಿ ತೊಡೆ ಬಿಟ್ಕೊಂಡು?"

ಹಿರಿಯರು ಸೈಕಲ್ ಸಮೇತ ಚರಂಡಿಗೆ ಇಳಿದರು. ಹಿಂದಿನವರಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದರು.

ಆಗ ನಾನು ಇಳಿದು, ತಿರುಗಿ, ನನ್ನ ಹಿಂದೆ ಏನಿದೆ ಎಂದು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ನಮ್ಮ ಕಡೆಯವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಬಳಿದು, ಗದ್ದಕ್ಕೆ ಬಟ್ಟೆ ಕಟ್ಟಿ, ಕೂರಿಸಿ, ಬೀಳದಂತೆ ಬಿಗಿದು, ಮೇಲೆ ಕಮಾನು ಕಟ್ಟಿ ಹೂ ಸುತ್ತುತ್ತಾರೆ. ಅದಕ್ಕೆ ವಿಮಾನ ಎನ್ನುತ್ತಾರೆ. ಮುಂದೆಯೋ ಹಿಂದೆಯೋ ಒಬ್ಬ ಗಂಟೆ ಬಾರಿಸುತ್ತಿರುತ್ತಾನೆ. ಅಜ್ಜ ಒಂದನ್ನೂ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಹೇಳಿ ಮಾಡಿಸಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಚರಂಡಿಯಿಂದ ಮೇಲೆ ಬಂದವರಿಗೆ ನಾನು ವಿಷಯ ಹೇಳಿದೆ. ಅವರು ನಗಲಾರದೆ ಅಳಲಾರದೆ ದೋಸೆಯ ಕಡೆಗೆ ಹೊರಟರು.

"ಕಮಾನು ಬಿಚ್ಚಿಬಿಡ್ಲಾ?" ಎಂದ ಅಜ್ಜ. ಅವನ ಮುಖ ಸಣ್ಣದಾಗಿತ್ತು.

"ಟೈಮ್ ಎಷ್ಟು?" ಎಂದಳು ಅಜ್ಜಿ.

ನನ್ನ ಕೈಗಡಿಯಾರದಲ್ಲಿ ಒಂಬತ್ತಕ್ಕೆ ಇನ್ನು ಸ್ವಲ್ಪವೇ ಉಳಿದಿತ್ತು. ತುಂಗಾ ಸೇತುವೆಯೂ ಊರೂ ಇನ್ನೂ ಮುಂದಿದ್ದವು.

"ಇರ್ಲಿ ಬಿಡಿ. ತುಳಿಯೇ ನೀನು."

ಸೇತುವೆಗೆ ಮೊದಲೇ ದಾರಿ ಕಟ್ಟಿಕೊಂಡಿತ್ತು. ಯಾವುದೋ ಲಾರಿ ಕೆಟ್ಟು ನಿಂತು, ಅದರ ಹಿಂದೆ ಬಸ್ಸು, ಶಾಲೆಯ ವ್ಯಾನು, ಆಟೊ, ಅಡಿಕೆ ಮೂಟೆ ಹೇರಿದ ಗೂಡ್ಸ್ ಗಾಡಿ. ಸೈಕಲ್ ಒಂದೇ ಆಗಿದ್ದರೆ ನುಗ್ಗಬಹುದಿತ್ತು. ಗಾಡಿ ಕಟ್ಟಿಕೊಂಡು ಸಾಧ್ಯವೇ ಇರಲಿಲ್ಲ.

"ಅಜ್ಜಿ, ಇಲ್ಲಿಗೆ ಮುಗೀತು," ಎಂದೆ.

ಅಜ್ಜಿ ಮಫ್ಲರಿನ ಗಂಟು ಬಿಗಿ ಮಾಡಿಕೊಂಡಳು. "ನಾನು ಕಣ್ಣು ಮುಚ್ತೀನಿ. ಬೆಲ್ಲು ನಿಲ್ಲಿಸ್ಬಾರ್ದು ಅಂತ ನಿಮ್ಮಜ್ಜಂಗೆ ಹೇಳು. ನೀನು ಸ್ವಲ್ಪ ಮೂಗು ಒರೆಸಿಕೋ."

ಮೂಗು ಚಳಿಗೆ ಆಗಲೇ ಸುರಿಯುತ್ತಿತ್ತು, ನಟಿಸಬೇಕಾಗಲಿಲ್ಲ.

ಹಾರ್ನುಗಳು ಒಂದೊಂದಾಗಿ ನಿಂತವು. ಬಸ್ಸು ಒಂದು ಗೇಣು ಸರಿಯಿತು, ಆಟೊದವರು ಇಳಿದು ತಮ್ಮ ಆಟೊಗಳನ್ನು ಕೈಯಿಂದಲೇ ಪಕ್ಕಕ್ಕೆ ಎತ್ತಿಟ್ಟರು. ಟ್ರಾಫಿಕ್ ಪೊಲೀಸಿನವನು ಸೀಟಿ ಊದಿ ದಾರಿ ಮಾಡಿ, ನಾವು ದಾಟುವಾಗ ಟೋಪಿ ತೆಗೆದ. ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ನಿಜವಾದ ಸೇವಂತಿಗೆ ಹಾರವೊಂದನ್ನು ಅಜ್ಜಿಯ ಕೊರಳಿಗೆ ಹಾಕಿದಳು. ಅಜ್ಜಿಯ ರೆಪ್ಪೆ ಅಲುಗಲಿಲ್ಲ. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ನೋಡಿ ನನಗೇ ಸಣ್ಣಗೆ ಹೆದರಿಕೆಯಾಯಿತು.

ಸೇತುವೆಯ ಮೇಲೆ ಸ್ಕೂಟರಿನಲ್ಲಿ ವೀಳ್ಯದೆಲೆಯ ಕಟ್ಟು ಇಟ್ಟುಕೊಂಡು ನಿಂತಿದ್ದವರೊಬ್ಬರು ಅಜ್ಜನ ಮುಖ ನೋಡಿ ಬೆಚ್ಚಿದರು. ಕೈಮುಗಿದರು. ಆಮೇಲೆ ಜೇಬಿನಿಂದ ಫೋನು ತೆಗೆದರು. ಅವರು ವಿಮಲಜ್ಜಿಯ ಎದುರುಮನೆಯ ಶೇಷಪ್ಪ ಎಂದು ಅಜ್ಜನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ನಾನು ಅವರನ್ನು ಅದಕ್ಕೆ ಮೊದಲು ಎಂದೂ ನೋಡಿರಲಿಲ್ಲ.

ಗೋಪಾಳದ ರಸ್ತೆಗೆ ತಿರುಗುವಾಗ ಒಂಬತ್ತು ದಾಟಿಹೋಗಿತ್ತು. ಅಜ್ಜಿ ಕಣ್ಣು ಬಿಟ್ಟಳು, ಗಂಟೆ ಕೇಳಿದಳು, ನಾನು ಹೇಳಿದೆ. ಆಮೇಲೆ ಅವಳು ಕೊರಳಿನ ಹಾರದಿಂದ ಒಂದೊಂದೇ ಎಸಳು ಕಿತ್ತು ರಸ್ತೆಗೆ ಹಾಕುತ್ತಿದ್ದಳು. ನಾನು ತುಳಿಯುತ್ತಲೇ ಇದ್ದೆ. ಇಷ್ಟು ದೂರ ಬಂದು ವಾಪಸ್ ಹೋಗುವುದು ಇನ್ನೂ ಕಷ್ಟ.

ಮನೆಯ ಮುಂದೆ ಚಪ್ಪರ ಹಾಕಿದ್ದರು. ವಾಲಗವಿಲ್ಲ, ಹಾಡಿಲ್ಲ. ನಾವು ಗೇಟಿನ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಹೆಂಗಸರ ಗೋಳು ಎದ್ದಿತು. ಅಮ್ಮ ಓಡಿ ಬಂದು ಗಾಡಿಯ ಮೇಲೆ ಬಿದ್ದು, "ಅತ್ತೆ, ವಿಡಿಯೋ ಕಾಲ್ ಅಂದ್ನಲ್ಲ, ಅದನ್ನೇ ಮನಸ್ಸಿಗೆ ಹಚ್ಕೊಂಡ್ರಲ್ಲ," ಎಂದು ಅಳತೊಡಗಿದಳು.

"ಹಚ್ಕೊಂಡಿದ್ದೀನಿ," ಎಂದಳು ಅಜ್ಜಿ. "ಮೇಲೇಳು, ಎದೆ ಮೇಲೆ ಭಾರ. ಕಾಫಿ ಆಗಿದ್ಯಾ? ನನ್ನದನ್ನು ಇವರು ಟ್ಯೂಬಿಗೆ ಕುಡಿಸಿದ್ರು."

ಗೋಳು ಕತ್ತರಿಸಿದಂತೆ ನಿಂತಿತು. ಅಮ್ಮ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದಳು. ಎಷ್ಟು ಸಲ ಫೋನು ಮಾಡಿದರೂ ಯಾಕೆ ಎತ್ತಲಿಲ್ಲ ಎಂಬ ವಿಚಾರಣೆ ಅಲ್ಲೇ ಶುರುವಾಯಿತು. ಅದು ಇನ್ನೂ ಮುಗಿದಿಲ್ಲ.

ಚಪ್ಪರದ ನಡುವೆ, ರಂಗೋಲಿಯ ಮೇಲೆ ಒರಳಿತ್ತು. ಕೊಂಬುಗಳು ಇಡಿಯಾಗಿಯೇ ಇದ್ದವು. ಪಕ್ಕದಲ್ಲಿ ವಿಮಲಜ್ಜಿ ರೇಷ್ಮೆ ಸೀರೆಯುಟ್ಟು ನೆಲದ ಮೇಲೆ ಕೂತಿದ್ದಳು. ಒನಕೆ ಅವಳ ತೊಡೆಯ ಮೇಲೆ ಅಡ್ಡಕ್ಕಿತ್ತು. ಅಕ್ಕನನ್ನು ನೋಡಿದರೂ ಮೇಲೇಳಲಿಲ್ಲ.

"ಸಾಯದೆ ಇರೋಳು ಹಾರ ಯಾಕೆ ಹಾಕ್ಕೊಂಡೆ?"

"ಹಾಕಿದ್ರು, ಹಾಕಿಸ್ಕೊಂಡೆ. ನೀನು ಯಾಕೆ ಕುಟ್ಲಿಲ್ಲ?"

ಉತ್ತರ ಕೊಟ್ಟದ್ದು ವಿಮಲಜ್ಜಿಯ ಗಂಡ ಷಣ್ಮುಖಪ್ಪಜ್ಜ. "ನಾನು ಹೇಳ್ದೆ ಕಾಶಮ್ಮ. ನಮ್ಮಲ್ಲಿ ಸೂತಕ ಅಂತ ಇಲ್ಲ, ರಾಹುಕಾಲ ಬರೋದ್ರೊಳಗೆ ಕುಟ್ಟಿ ಮುಗಿಸಿಬಿಡು, ಆಮೇಲೆ ಅಳುವಂತೆ ಅಂತ. ಶೇಷಪ್ಪನ ಫೋನ್ ಬಂದಾಗ ಎತ್ತಿದ ಒನಕೆ ಹಂಗೇ ಇಳಿಸಿದಳು. ಇನ್ನೊಬ್ಬರಿಗೂ ಕೊಡಲಿಲ್ಲ."

ಅಕ್ಕ ತಂಗಿ ತಬ್ಬಿಕೊಳ್ಳುತ್ತಾರೆಂದು ಚಪ್ಪರದಲ್ಲಿದ್ದವರೆಲ್ಲ ಕಾದರು. ಇಬ್ಬರೂ ಅಂಥವರಲ್ಲ.

"ಕೊಡು ಇಲ್ಲಿ," ಎಂದು ಅಜ್ಜಿ ಕೈ ಚಾಚಿದಳು.

"ರಾಹುಕಾಲ ನಡೀತಿದೆ ಅಕ್ಕ. ಹತ್ತೂವರೆವರೆಗೂ ಇದೆ."

"ಸತ್ತೋಳಿಗೆ ಯಾವ ರಾಹುಕಾಲನೇ?"

ವಿಮಲಜ್ಜಿ ಎದ್ದು ಒನಕೆಯನ್ನು ಅವಳ ಕೈಗಿಟ್ಟಳು. ನಾನು ಕೊಂಡಿ ಬಿಚ್ಚಿ, ಅಜ್ಜಿಯ ಮುಂದೆ ಒರಳು ಬರುವಂತೆ ಗಾಡಿಯನ್ನು ತಳ್ಳಿ ನಿಲ್ಲಿಸಿದೆ. ಅಜ್ಜಿ ಕುರ್ಚಿಯಲ್ಲಿ ಕಟ್ಟಿಸಿಕೊಂಡೇ ಒನಕೆ ಎತ್ತಿ ಹಾಕಿದಳು. ಕೊಂಬು ಒಡೆಯಿತು, ಏಟಿನ ರಭಸಕ್ಕೆ ಗಾಡಿ ಹಿಂದಕ್ಕೆ ಉರುಳಿ ಷಣ್ಮುಖಪ್ಪಜ್ಜನ ಕಾಲಿನ ಮೇಲೆ ಹೋಯಿತು. ಅಜ್ಜ ಎಲ್ಲವನ್ನೂ ಬೆಸೆದಿದ್ದ, ಬ್ರೇಕು ಮರೆತಿದ್ದ.

"ಹಿಡ್ಕೊಳ್ಳೇ ವಿಮ್ಲಾ, ನೋಡ್ತಾ ನಿಂತ್ಕೊಬೇಡ."

ವಿಮಲಜ್ಜಿ ಸೆರಗು ಸಿಕ್ಕಿಸಿಕೊಂಡು, ಚಕ್ರವನ್ನು ಎರಡೂ ಕೈಯಿಂದ ಹಿಡಿದಳು. ಅಜ್ಜಿ ಬೇಕೆಂದೇ ಇನ್ನೆರಡು ಏಟು ಹೆಚ್ಚಿಗೆ ಹಾಕಿ ಒನಕೆಯನ್ನು ಅವಳಿಗೆ ದಾಟಿಸಿದಳು.

ಶೇಷಪ್ಪ ಆ ಹೊತ್ತಿಗಾಗಲೇ ಗೊತ್ತಿದ್ದವರಿಗೆಲ್ಲ ಫೋನು ಮಾಡಿಬಿಟ್ಟಿದ್ದರು. ವಾಪಸ್ ಮಾಡಿ ಸುದ್ದಿ ಸುಳ್ಳು ಎಂದು ಹೇಳಲು ನಾಚಿಕೆಯಾಯಿತಂತೆ. ಹಾಗಾಗಿ ಮಧ್ಯಾಹ್ನದವರೆಗೂ ಜನ ಹಾರ ಹಿಡಿದು ಬರುತ್ತಲೇ ಇದ್ದರು. ಬಂದವರಿಗೆಲ್ಲ ಹೋಳಿಗೆ ಊಟ ಹಾಕಿದರು, ಹಾರಗಳನ್ನು ಚಪ್ಪರದ ಕಂಬಗಳಿಗೆ ಕಟ್ಟಿದರು. ಅಜ್ಜಿ ಗಾಡಿಯಿಂದ ಇಳಿಯದೆ, ಬಾಗಿಲಿನ ಹತ್ತಿರವೇ ಕೂತು ಒಬ್ಬೊಬ್ಬರನ್ನೂ ಮಾತಾಡಿಸಿದಳು, ಮತ್ತು ಯಾರ್ಯಾರ ಹಾರ ಸಣ್ಣದಿತ್ತು ಎಂಬುದನ್ನು ನೆನಪಿಟ್ಟುಕೊಂಡಳು.