ಮೂರನೇ ಕೂಗು

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ನರ್ಸ್ ತರಬೇತಿಗೆ ಬಂದ ನಮಗೆ ಸಿಕ್ಕ ರೋಗಿ ಹುಲ್ಲು ತುಂಬಿದ ಒಂದು ಗೊಂಬೆ. ಹಳೆಯ ಸೀರೆ ಉಡಿಸಿ, ಕುಂಕುಮದ ನೀರು ಚೆಲ್ಲಿ, ರಕ್ತ ನಿಲ್ಲದ ಬಾಣಂತಿ ಎಂದು ನಾವು ನಂಬಬೇಕು. ನಮ್ಮ ಗುಂಪಿಗೆ ಚಿಕ್ಕನಿಂಗಮ್ಮ ಮುಂದಾಳು. ಅವಳು ಕೂಗಿದ ಕೂಡಲೇ, ಗೊಂಬೆಯ ಕೈಮೇಲಿಟ್ಟ ಚೀಟಿ ನೋಡಿ ನಾಡಿ ಎಷ್ಟೆಂದು ನಾನು ಹೇಳಬೇಕು. ಯಾರು ಕೇಳಿದರು, ಯಾರು ಎಷ್ಟು ಹೊತ್ತಿಗೆ ಉತ್ತರಿಸಿದರು ಎಂಬುದನ್ನೆಲ್ಲ ಗುರುಬಸಮ್ಮ ಸಿಸ್ಟರು ಗಡಿಯಾರ ನೋಡಿ ಪುಸ್ತಕದಲ್ಲಿ ಹೆಸರಿನಿಂದ ಹೆಸರಿಗೆ ಗೆರೆ ಎಳೆದು ತೋರಿಸುತ್ತಿದ್ದರು. ಗೆರೆಗಳೆಲ್ಲ ನನ್ನ ಹೆಸರಿನ ಹತ್ತಿರ ಬಂದು ತುಂಡಾಗುತ್ತಿದ್ದವು.

ನಾನು ಮೂರನೇ ಕೂಗಿಗೆ ಮಾತ್ರ ಓಗೊಡುವವಳು.

"ದೆವ್ವ-ಗಾಳಿ ಒಂದೇ ಸಲ ಕೂಗೋದು ಕಣವ್ವ, ಮನ್ಸರಾದ್ರೆ ಮೂರು ಸಲ ಕೂಗ್ತರೆ" ಎಂದು ಹೇಳಿ ಹೇಳಿಯೇ ಅಜ್ಜಿ ನನ್ನನ್ನು ಸಾಕಿದ್ದಳು. ನನ್ನವ್ವ ಒಂದು ಸಂಜೆ ಮೊದಲ ಕೂಗಿಗೇ ಓ ಅಂದು, ಬೆಳಗು ಕಾಣಲಿಲ್ಲವಂತೆ. ಚಿಕ್ಕನಿಂಗಮ್ಮ ಗಾಳಿಯಲ್ಲ ಎಂದು ನನಗೂ ಗೊತ್ತು. ನಾಲಿಗೆಗೆ ಗೊತ್ತಿಲ್ಲ.

"ಕಿವಿಗೆ ಬೆಣ್ಣೆ ಮೆತ್ಕಂಡಿದ್ದೀಯೇನ್ ಲೇ?" ಎಂದು ಚಿಕ್ಕನಿಂಗಮ್ಮ ರೇಗಿಸುತ್ತಿದ್ದಳು. ಸಿಸ್ಟರು ನಗಲಿಲ್ಲ. ಎರಡು ಸಲ ಪರೀಕ್ಷೆಯಲ್ಲಿ ತಪ್ಪಿದ್ದೆ; ಮೂರನೆಯದೂ ತಪ್ಪಿದರೆ ಮನೆಗೆ ಕಳಿಸುವುದಾಗಿ ಕಾಗದ ಬರೆದಿದ್ದರು. ಅದನ್ನು ಓದಿಸಿಕೊಂಡು ಅಪ್ಪ ನಮ್ಮೂರು ಹೂಗ್ಯಂನಿಂದ ಬಂದು, ನನ್ನ ಟ್ರಂಕನ್ನು ಕಾಲಬಳಿ ಇಟ್ಟುಕೊಂಡು ಕಿಟಕಿಯಾಚೆಯ ಬೆಂಚಿನಲ್ಲಿ ಕೂತಿದ್ದ.

"ಆಗ್ನಿಲ್ಲ ಅಂದ್ರೆ ಸುಮ್ಕೆ ವೊಂಟ್ಬುಡಮ. ನಾಳೀಕೆ ಎಣ್ಣು ನೋಡಕ್ ಬತ್ತರೆ" ಎಂದಿದ್ದ. ಗಂಡು ಎರಡನೇ ಸಂಬಂಧದವನು, ಅಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವನು.

ಮೂರನೇ ಪರೀಕ್ಷೆಗೆ ಬಾಗಿಲು ಹಾಕಿದರು. ಆಚೆ ಟ್ರಂಕು, ಈಚೆ ಅವ್ವನನ್ನು ಕರೆದೊಯ್ದ ಕೂಗು. ಚೀಟಿ ನೋಡಿದೆ. ಚಿಕ್ಕನಿಂಗಮ್ಮ ಬಾಯಿ ತೆರೆಯುವ ಮೊದಲೇ, "ನಾಡಿ ನೂರಿಪ್ಪತ್ತು" ಎಂದೆ. ಚೀಟಿ ಬದಲಾಯಿತು. "ನೂರಮೂವತ್ತು, ಕೈ ತಣ್ಣಗಾಗ್ತಿದೆ" ಎಂದೆ. ಯಾರೂ ಕರೆಯಲಿಲ್ಲ, ಹೇಳುತ್ತಲೇ ಹೋದೆ.

ಸಿಸ್ಟರು ಪುಸ್ತಕ ತಿರುಗಿಸಿ ತೋರಿಸಿದರು. ಮೊದಲ ಬಾರಿಗೆ ಗೆರೆಗಳು ನನ್ನ ಹೆಸರಿನಿಂದ ಹೊರಟಿದ್ದವು. ಕೂಗಿನಿಂದ ತಪ್ಪಿಸಿಕೊಂಡೆ ಎಂದುಕೊಂಡೆ. ಅವರು ಪುಸ್ತಕ ಮುಚ್ಚಿ, ತಾವೇ ಗೊಂಬೆಯ ಪಕ್ಕ ಮಲಗಿದರು.

"ರಕ್ತ ಸುರಿಯೋಳು ಮೂರು ಸಲ ಕೂಗೋ ತನಕ ಇರ್ತಾಳಾ?" ಎಂದು ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, ಒಂದೇ ಸಲ ನನ್ನ ಹೆಸರು ಕೂಗಿದರು:

"ಕೆಂಪಾಜಮ್ಮ."

ಬೆಂಚಿನಿಂದ ಅಪ್ಪ ಎದ್ದು ಟ್ರಂಕಿನ ಹಿಡಿಗೆ ಕೈ ಹಾಕಿದ.

"ಓ" ಎಂದೆ.

ಅಪ್ಪ ಟ್ರಂಕು ಬಿಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದ. ಅಂದು ಸಂಜೆ ವಾರ್ಡಿನಲ್ಲಿ ಎಷ್ಟೋ ಜನ ಕರೆದರು, ಎಲ್ಲರೂ ಒಂದೊಂದೇ ಸಲ. ಪ್ರತಿ ಸಲವೂ ಓ ಎಂದೆ. ಓ ಎಂದ ಮೇಲೆ, ಅವರ ಕೈ ಹಿಡಿಯುವ ಮುಂಚೆ, ನನ್ನ ಮಣಿಕಟ್ಟನ್ನೇ ಹಿಡಿದು ನಾಡಿ ನೋಡಿಕೊಂಡೆ.